ಎಂಟು ಟೇಬಲ್ ಬುಕ್ ಮಾಡುವ ಮೊದಲು, ಆ ಹೊತ್ತಿಗೆ ನೀವು ಎಲ್ಲಿರುತ್ತೀರಿ ಎಂಬುದನ್ನು ನೋಡಿಕೊಳ್ಳಿ

ಜನವರಿ ಎರಡನೆಯ ವಾರ ಮನೆಯ ಆರು ಜನರೊಂದಿಗೆ ಅಮೆರಿಕದ ಫ್ಲೋರಿಡಾದಲ್ಲಿ ಹಲವು ಮನರಂಜನಾ ಪಾರ್ಕುಗಳಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಐದು ದಿನಗಳ ಮಟ್ಟಿಗೆ ಹೋಗುತ್ತಿದ್ದೀರಿ. ಸಕ್ಕರೆ ಕಾಯಿಲೆಯಿರುವ ತಂದೆಯವರಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗಲೆಂದು ಎಂಟು ರೆಸ್ಟೋರೆಂಟ್‌ಗಳ ಪಟ್ಟಿ ಮಾಡಿಕೊಂಡಿದ್ದೀರಿ; ಎಂಟರಲ್ಲೂ ಟೇಬಲ್ ಸಿಗಬೇಕಾದರೆ ಭಾರತದಿಂದ ಯಾವಾಗ, ಹೇಗೆ ಬುಕ್ ಮಾಡಬೇಕು ಎಂದು ಕೇಳಿದ್ದೀರಿ. ನಿಮ್ಮ ಪಟ್ಟಿಯ ಮೂರನೆಯ ದಿನದ ಸಾಲು ಹೀಗಿದೆ: "ಅನಿಮಲ್ ಕಿಂಗ್‌ಡಮ್, ಮಧ್ಯಾಹ್ನ 12.45, ಸನಾ." ಇದೇ ಸಾಲನ್ನು ನಾನೂ ಒಂದು ಕಾಲದಲ್ಲಿ ಬರೆದುಕೊಂಡಿದ್ದೆ.

ನಾವೂ ಆರು ಜನ ಹೋಗಿದ್ದೆವು: ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ಅಪ್ಪ, ಅಮ್ಮ. ಅಪ್ಪನಿಗೂ ಸಕ್ಕರೆ ಕಾಯಿಲೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವವರಲ್ಲ. ಸನಾದಲ್ಲಿ ನಾನ್‌ನಂಥ ರೊಟ್ಟಿಗಳ ಜೊತೆಗೆ ಮಾವಿನ ಚಟ್ನಿ, ಹುಣಸೆ ಚಟ್ನಿ, ಕೊತ್ತಂಬರಿ ಚಟ್ನಿ, ಬೆಳ್ಳುಳ್ಳಿ ಉಪ್ಪಿನಕಾಯಿ ಎಂದು ಒಂಬತ್ತು ಬಗೆಯ ನಂಚಿಕೆಗಳನ್ನು ಕೊಡುತ್ತಾರೆಂದೂ, ಕಿಟಕಿಯ ಆಚೆ ಜಿರಾಫೆ, ಜೀಬ್ರಾಗಳು ಮೇಯುತ್ತಿರುತ್ತವೆಂದೂ ಓದಿದ ಮೇಲೆ ನನಗೆ ಬೇರೆ ಯಾವ ಜಾಗವೂ ಕಣ್ಣಿಗೆ ಬೀಳಲಿಲ್ಲ. ಅನಿಮಲ್ ಕಿಂಗ್‌ಡಮ್ ಪಾರ್ಕಿಗೆಂದು ಇಟ್ಟುಕೊಂಡಿದ್ದ ದಿನಕ್ಕೇ ಅಲ್ಲಿ ಟೇಬಲ್ ಹಿಡಿದೆ. ಹೆಂಡತಿ ಹಿಂದಿನ ರಾತ್ರಿ ಅಪ್ಪನಿಗಾಗಿ ಒಂದು ಡಬ್ಬಿಯಲ್ಲಿ ಚಪಾತಿ, ಬಾಳೆಹಣ್ಣು, ಬಿಸ್ಕತ್ತು ಕಟ್ಟಿಟ್ಟಿದ್ದಳು. "ಊಟ ಬುಕ್ ಆಗಿದೆಯಲ್ಲ, ಇದನ್ನೇಕೆ ಹೊರುವುದು" ಎಂದು ಬೆಳಿಗ್ಗೆ ಆ ಡಬ್ಬಿಯನ್ನು ಚೀಲದಿಂದ ತೆಗೆದು ಕೋಣೆಯ ಮೇಜಿನ ಮೇಲಿಟ್ಟವನು ನಾನೇ.

ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದು ಒಂದೇ ತಪ್ಪಾದರೂ ಅದರೊಳಗೆ ಮೂರು ಪದರಗಳಿವೆ. ಮೊದಲನೆಯದು ಹೆಸರು. ಸನಾ ಇರುವುದು ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನಲ್ಲಿ. ಅನಿಮಲ್ ಕಿಂಗ್‌ಡಮ್ ಎನ್ನುವುದು 1998ರಲ್ಲಿ ತೆರೆದ ಪಾರ್ಕು. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎನ್ನುವುದು ಪಾರ್ಕಿನ ಗೇಟಿನಿಂದ ಹೊರಗೆ, ಬಸ್ಸಿನಲ್ಲಿ ಹೋಗಬೇಕಾದ ತಂಗುವ ಹೋಟೆಲು. ಲಾಡ್ಜ್ ಎಂದರೆ ಉಳಿದುಕೊಳ್ಳುವ ಜಾಗವೆಂದು ನಮ್ಮೂರುಗಳ ಬಸ್ ನಿಲ್ದಾಣದ ಸುತ್ತಲಿನ ಬೋರ್ಡುಗಳನ್ನು ಓದಿಯೇ ಬೆಳೆದವನಾದರೂ, ಮೊದಲ ಎರಡು ಪದಗಳು ಒಂದೇ ಆಗಿದ್ದರಿಂದ ಮೂರನೆಯ ಪದವನ್ನು ನಾನು ಗಮನಿಸಲೇ ಇಲ್ಲ. ಎರಡನೆಯದು, ಆ ಲಾಡ್ಜ್ ಕೂಡ ಒಂದು ಕಟ್ಟಡವಲ್ಲ. ಜಾಂಬೋ ಹೌಸ್, ಕಿದಾನಿ ವಿಲೇಜ್ ಎಂದು ಎರಡು. ಸನಾ ಇರುವುದು ಕಿದಾನಿಯಲ್ಲಿ. ಮೂರನೆಯದು, ಪಾರ್ಕಿನೊಳಗಿನ ನಡಿಗೆಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾವು ಮೊದಲು ಹೋದ, ಗಾಡಿಯಲ್ಲಿ ಕುಳಿತು ಪ್ರಾಣಿಗಳನ್ನು ನೋಡುವ ಕಿಲಿಮಂಜಾರೋ ಸಫಾರಿ ಇರುವುದು ಗೇಟಿನಿಂದ ಬಹಳ ಒಳಗೆ.

ಸಫಾರಿಯಿಂದ ಇಳಿದಾಗ 12.15. ಊಟದ ಜಾಗ ಇಲ್ಲೇ ಎಲ್ಲೋ ಇರಬೇಕೆಂದು ಅಲ್ಲಿನ ಕೆಲಸದ ಹುಡುಗಿಯೊಬ್ಬಳನ್ನು ಕೇಳಿದೆ. ಅವಳು ನನ್ನ ಫೋನಿನ ಪರದೆಯನ್ನು ನೋಡಿ, ಬಹಳ ಸಮಾಧಾನದಿಂದ, ಇದು ಪಾರ್ಕಿನೊಳಗೆ ಇಲ್ಲ, ಹೊರಗೆ ಹೋಗಿ ಲಾಡ್ಜ್‌ನ ಬಸ್ಸು ಹಿಡಿಯಿರಿ ಎಂದಳು. ಬುಕಿಂಗ್ ರದ್ದು ಮಾಡುವ ಹೊತ್ತು ಆಗಲೇ ಮೀರಿತ್ತು. ಅಪ್ಪ ಎಂದಿನಂತೆ ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗುವ ಮಾತ್ರೆಯನ್ನು ಆಗಷ್ಟೇ ನುಂಗಿದ್ದರು, ಏಕೆಂದರೆ 12.45ಕ್ಕೆ ಊಟವೆಂದು ನಾನೇ ಬೆಳಗಿನಿಂದ ನಾಲ್ಕು ಸಲ ಹೇಳಿದ್ದೆ. ಮಂಡಿ ನೋವಿನ ಅಮ್ಮನೊಂದಿಗೆ ಗೇಟು ತಲುಪುವಷ್ಟರಲ್ಲಿ 12.45, ಬಸ್ಸು ಬಂದಾಗ 1.05. ಗಾಬರಿಯಲ್ಲಿ ಜಾಂಬೋ ಹೌಸ್ ಮುಂದೆ ಇಳಿದು, ಅಲ್ಲಿಂದ ಕಿದಾನಿಗೆ ದಾರಿ ಕೇಳಿಕೊಂಡು ನಡೆದು ಸನಾದ ಬಾಗಿಲು ಮುಟ್ಟಿದಾಗ 1.35.

ಬಾಗಿಲ ಬಳಿಯ ಮಹಿಳೆ ಒರಟಾಗಿ ನಡೆದುಕೊಳ್ಳಲಿಲ್ಲ. ನಮ್ಮ ಟೇಬಲ್ಲಿನಲ್ಲಿ ಬೇರೆಯವರು ಕುಳಿತಾಗಿತ್ತು. ಕಾಯುವವರ ಪಟ್ಟಿಗೆ ಹೆಸರು ಬರೆದುಕೊಂಡು, ಒಂದು ಗಂಟೆಯ ಮೇಲಾಗಬಹುದು ಎಂದರು. ಹಿಂತಿರುಗಿ ನೋಡಿದರೆ ಅಪ್ಪ ಕುರ್ಚಿಯ ಅಂಚಿನಲ್ಲಿ ಕುಳಿತು ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತಿದ್ದರು. ಕೇಳಿದ್ದಕ್ಕೆ ಉತ್ತರ ನಿಧಾನವಾಗಿ ಬರುತ್ತಿತ್ತು. ಮಾತ್ರೆ ನುಂಗಿ ಊಟವಿಲ್ಲದೆ ರಕ್ತದಲ್ಲಿ ಸಕ್ಕರೆ ಇಳಿದಿತ್ತು. ಓಡಿಹೋಗಿ ಕಿತ್ತಳೆ ರಸ ತಂದುಕೊಟ್ಟೆ. ಅವರ ಕೈ ನಡುಗಿ ರಸ ಲೋಟದ ಅಂಚು ಮೀರಿ ಅಂಗಿಯ ಮೇಲೆ ಚೆಲ್ಲಿತು. ನನ್ನ ಮಗಳು ಎರಡೂ ಕೈಯಿಂದ ಲೋಟ ಹಿಡಿದು ತಾತನಿಗೆ ಕುಡಿಸಿದಳು. ಕಾಲು ಗಂಟೆಯಲ್ಲಿ ಅವರು ಚೇತರಿಸಿಕೊಂಡರು. ಇಷ್ಟಕ್ಕೆಲ್ಲ ಕಾರಣ ಸಿಗದೆ ಹೋದ ಟೇಬಲ್ ಅಲ್ಲ. ಬುಕಿಂಗ್ ಇದೆಯೆಂಬ ಧೈರ್ಯದಲ್ಲಿ ನಾನು ಕೋಣೆಯಲ್ಲಿ ಬಿಟ್ಟು ಬಂದ ಡಬ್ಬಿ.

ಆದ್ದರಿಂದ, ಎಂಟು ಟೇಬಲ್ ಹಿಡಿಯುವುದು ಹೇಗೆಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಐದು ದಿನಕ್ಕೆ ಕುಳಿತು ಉಣ್ಣುವ ಊಟ ಎರಡು ಸಾಕು. ಈ ಜಾಗ ಸುಮಾರು 25,000 ಎಕರೆ. ನಾಲ್ಕು ಪಾರ್ಕುಗಳು ಅದರೊಳಗೆ ದೂರದೂರ ಇವೆ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಹೋದರೂ ಗಾಡಿ ನಿಲ್ಲಿಸಿದ ಮೇಲೆ ಮಾನೋರೈಲನ್ನೋ (ಒಂದೇ ಹಳಿಯ ರೈಲು) ದೋಣಿಯನ್ನೋ ಹತ್ತಿ ಕೆರೆಯ ಆಚೆ ಬದಿಗೆ ಹೋಗಬೇಕು. ಎಪ್‌ಕಾಟ್ ಪಾರ್ಕಿನಲ್ಲಿ ಹನ್ನೊಂದು ದೇಶಗಳ ಮಂಟಪಗಳ ಸುತ್ತು ಹಾಕುವುದೇ ಸುಮಾರು ಎರಡು ಕಿಲೋಮೀಟರ್. ಎಂಟು ಬುಕಿಂಗ್ ಎಂದರೆ ಎಂಟು ಸಲ ಗಡಿಯಾರ ನೋಡುತ್ತಾ, ಆಟದ ಸಾಲಿನಿಂದ ಮಕ್ಕಳನ್ನು ಎಳೆದುಕೊಂಡು, ವಯಸ್ಸಾದವರನ್ನು ಅವಸರಪಡಿಸಿ ಓಡುವುದು. ನಿಮ್ಮ ತಂದೆಯವರಿಗೆ ಬೇಕಾಗಿರುವುದು ಹೊತ್ತಿಗೆ ಊಟ. ಟೇಬಲ್ ಬುಕ್ ಆದ ಮಾತ್ರಕ್ಕೆ ಅದು ಸಿಕ್ಕಿಬಿಡುವುದಿಲ್ಲ.

ಮೊದಲು ಯಾವ ದಿನ ಯಾವ ಪಾರ್ಕು ಎಂದು ಬರೆದುಕೊಳ್ಳಿ. ಆಮೇಲೆ ಪ್ರತಿ ರೆಸ್ಟೋರೆಂಟಿನ ಅಧಿಕೃತ ಪುಟದಲ್ಲಿ ಹೆಸರಿನ ಜೊತೆಗಿರುವ ಜಾಗದ ಸಾಲನ್ನು ಕೊನೆಯ ಪದದವರೆಗೂ ಓದಿ. ಅಲ್ಲಿ ರೆಸಾರ್ಟ್, ಲಾಡ್ಜ್, ಇನ್ ಎಂದೇನಾದರೂ ಇದ್ದರೆ ಅದು ಪಾರ್ಕಿನೊಳಗೆ ಇಲ್ಲ ಎಂದೇ ತಿಳಿಯಿರಿ. ಸನಾ ನಿಜವಾಗಿಯೂ ಹೋಗಬೇಕಾದ ಜಾಗ. ಕೊನೆಗೆ ಅಲ್ಲಿ ಕುಳಿತಾಗ ಅಮ್ಮ ಒಂಬತ್ತೂ ನಂಚಿಕೆಗಳನ್ನು ಒಂದೊಂದಾಗಿ ರುಚಿ ನೋಡಿ, ಹುಣಸೆಯದನ್ನು ಮಾತ್ರ ಮತ್ತೆ ಕೇಳಿ ಹಾಕಿಸಿಕೊಂಡರು. ಆದರೆ ಪಾರ್ಕಿನ ದಿನ ಬೇಡ, ವಿಶ್ರಾಂತಿಯ ದಿನ ಹೋಗಿ. ಪ್ರಾಣಿಗಳು ಕಾಣಬೇಕಾದರೆ ಹಗಲಿನಲ್ಲೇ ಹೋಗಿ.

ಬುಕಿಂಗ್‌ನ ಕ್ರಮ ಇಷ್ಟು. ಊಟದ ದಿನಕ್ಕೆ 60 ದಿನ ಮುಂಚೆ, ಫ್ಲೋರಿಡಾದ ಬೆಳಗಿನ 6 ಗಂಟೆಗೆ ಆನ್‌ಲೈನ್‌ನಲ್ಲಿ ತೆರೆಯುತ್ತದೆ. ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಿಮ್ಮ 60ನೆಯ ದಿನಗಳು ಬೀಳುವುದು ಅದಾದ ಮೇಲೆ, ಆದ್ದರಿಂದ ನೀವು ಕೂರಬೇಕಾದದ್ದು ಭಾರತದ ಸಂಜೆ 4.30ಕ್ಕೆ, ಬೇಸಿಗೆಯ ಲೆಕ್ಕದ 3.30 ಎಂದು ಓದಿದ್ದರೆ ಅದನ್ನು ಬಿಟ್ಟುಬಿಡಿ. ಡಿಸ್ನಿಯ ಸ್ವಂತ ಹೋಟೆಲುಗಳಲ್ಲಿ ಉಳಿಯುವವರು ಚೆಕ್-ಇನ್‌ಗೆ 60 ದಿನ ಮುಂಚೆಯೇ ಹತ್ತು ದಿನಗಳವರೆಗಿನ ಊಟಗಳನ್ನು ಒಟ್ಟಿಗೆ ಹಿಡಿಯಬಹುದು. ನೀವು ಹೊರಗೆ ಉಳಿಯುವವರಾದ್ದರಿಂದ ಪ್ರತಿ ದಿನದ್ದನ್ನೂ ಬೇರೆಬೇರೆಯಾಗಿ ಹಿಡಿಯಬೇಕು, ಬೇಡಿಕೆಯ ಕೆಲವು ಹೊತ್ತುಗಳು ಆಗಲೇ ಹೋಗಿರುತ್ತವೆ. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಹೆಚ್ಚಿನ ಕಡೆ ಎರಡು ಗಂಟೆ ಮುಂಚೆಯವರೆಗೂ ದಂಡವಿಲ್ಲದೆ ರದ್ದು ಮಾಡಬಹುದಾದ್ದರಿಂದ ಹಿಂದಿನ ದಿನವೂ ಅದೇ ದಿನ ಬೆಳಿಗ್ಗೆಯೂ ಟೇಬಲ್‌ಗಳು ಬಿಡುಗಡೆಯಾಗುತ್ತಲೇ ಇರುತ್ತವೆ. ರದ್ದೂ ಮಾಡದೆ ಹೋಗದೆಯೂ ಇದ್ದರೆ ತಲೆಗೆ 10 ಡಾಲರ್. ಆರು ಜನಕ್ಕೆ 60. ಹಿಡಿಯುವ ಎರಡನ್ನೂ ಬೆಳಗಿನ 11.15ಕ್ಕೋ ಮಧ್ಯಾಹ್ನ 3 ಗಂಟೆಯ ಮೇಲೆಯೋ ಹಿಡಿಯಿರಿ. 12.30ರ ಆಸುಪಾಸಿನ ನೂಕುನುಗ್ಗಲಿಗೆ ಹಿರಿಯರನ್ನು ಕರೆದೊಯ್ಯಬೇಡಿ.

ಉಳಿದ ಹೊತ್ತಿಗೆ ಕೌಂಟರಿನಲ್ಲಿ ಪಡೆದು ತಿನ್ನುವ ಜಾಗಗಳು ಧಾರಾಳವಾಗಿವೆ. ಅನಿಮಲ್ ಕಿಂಗ್‌ಡಮ್‌ನೊಳಗೇ ಇರುವ ಸತೂಲಿ ಕ್ಯಾಂಟೀನ್ ಅಂಥದ್ದು. ಸಾಲಿನಲ್ಲಿ ನಿಲ್ಲದೆ ಡಿಸ್ನಿಯ ಆ್ಯಪ್‌ನಲ್ಲೇ ಆರ್ಡರ್ ಮಾಡಿ, ಬರುವ ಹೊತ್ತನ್ನು ಆರಿಸಿಕೊಳ್ಳಬಹುದು. ಮೆನುವಿನಲ್ಲಿ ಎಲೆಯ ಗುರುತಿದ್ದರೆ ಅದರಲ್ಲಿ ಮಾಂಸ, ಹಾಲು, ಮೊಟ್ಟೆ, ಜೇನು ಯಾವುದೂ ಇರುವುದಿಲ್ಲ. ಅಮ್ಮನಿಗಾಗಿ ನಾನು ಆ ಗುರುತನ್ನೇ ನೋಡಿ ತರುತ್ತಿದ್ದೆ. ಮನೆಯ ತಿಂಡಿಯನ್ನು ಪಾರ್ಕಿನೊಳಗೆ ಒಯ್ಯಲು ಅಡ್ಡಿಯಿಲ್ಲ, ಗಾಜಿನ ಡಬ್ಬಿಯಲ್ಲಿರಬಾರದು ಅಷ್ಟೆ. ಆ ಡಬ್ಬಿ ತಂದೆಯವರ ಕೈಚೀಲದಲ್ಲೇ ಇರಲಿ, ನಿಮ್ಮ ಬೆನ್ನಿನ ಚೀಲದಲ್ಲಿ ಬೇಡ. ನೀವು ಮಕ್ಕಳೊಂದಿಗೆ ಯಾವುದಾದರೂ ಆಟದ ಸಾಲಿನಲ್ಲಿರುವಾಗಲೇ ಅವರಿಗೆ ಅದು ಬೇಕಾಗಬಹುದು. ಊಟಕ್ಕೆ ಮುಂಚಿನ ಮಾತ್ರೆಯನ್ನು ತಟ್ಟೆ ಕಣ್ಣಿಗೆ ಕಂಡ ಮೇಲೆ ನುಂಗಬಹುದೇ ಎಂದು ಹೊರಡುವ ಮೊದಲೇ ಅವರ ವೈದ್ಯರನ್ನು ಕೇಳಿಕೊಳ್ಳಿ. ನಾವು ಊರಿಗೆ ಬಂದ ಮೇಲೆ ಕೇಳಿದೆವು.

ಇನ್ನೊಂದು ವಿಷಯ. ನಿಮ್ಮ ನಾಲ್ಕನೆಯ ದಿನದ ಸಾಲಿನಲ್ಲಿ "ಹಾಲಿವುಡ್ ಸ್ಟುಡಿಯೋಸ್, ಬೆಳಿಗ್ಗೆ 9.30, ಶೆಫ್ ಮಿಕ್ಕೀಸ್" ಎಂದಿದೆ. ಮಿಕ್ಕಿ ಮೌಸ್ ಟೇಬಲ್ಲಿನ ಬಳಿಗೇ ಬರುವ ಶೆಫ್ ಮಿಕ್ಕೀಸ್ ಇರುವುದು ಕಂಟೆಂಪರರಿ ರೆಸಾರ್ಟ್ ಎಂಬ ಹೋಟೆಲಿನಲ್ಲಿ. ಅಲ್ಲಿಂದ ನಡೆದು ಹೋಗಬಹುದಾದ ಪಾರ್ಕು ಮ್ಯಾಜಿಕ್ ಕಿಂಗ್‌ಡಮ್, ಹಾಲಿವುಡ್ ಸ್ಟುಡಿಯೋಸ್ ಅಲ್ಲ. ಮ್ಯಾಜಿಕ್ ಕಿಂಗ್‌ಡಮ್ ನಿಮ್ಮ ಮೊದಲ ದಿನದಲ್ಲಿದೆ. ಮಕ್ಕಳಿಗೆ ಮಿಕ್ಕಿಯನ್ನು ತೋರಿಸಲೇಬೇಕೆಂದಿದ್ದರೆ ಆ ತಿಂಡಿಯನ್ನು ಮೊದಲ ದಿನಕ್ಕೆ ತನ್ನಿ, ನಾಲ್ಕನೆಯ ದಿನದಿಂದ ಇವತ್ತೇ ಹೊಡೆದುಹಾಕಿ.