ಸಂತೆಗೆ ಅಷ್ಟು ದೊಡ್ಡ ಚಿತ್ರ ಯಾಕೆ?

ಹಾಸನದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಪ್ಯಾರಿಸ್ ಮಾರುಕಟ್ಟೆಯ ತೈಲಚಿತ್ರ ಹಾಕಿದ್ದೀರಿ. ತರಕಾರಿ, ಬುಟ್ಟಿ, ನೂಕುನುಗ್ಗಲು. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಇದನ್ನು ದಿನಾ ನೋಡುತ್ತೇನೆ. ಇದರಲ್ಲಿ ಕಲೆ ಏನಿದೆ? ಒಂದು ಫೋಟೋ ಸಾಕಲ್ವಾ?"

ಸಂಪಾದಕರ ಉತ್ತರ:

ತಪ್ಪು ನಮ್ಮದೂ ಇದೆ. ಅಂಗೈಯಗಲ ಅಚ್ಚು ಹಾಕಿ, ಅಳತೆ ಹೇಳದೆ ಬಿಟ್ಟೆವು. ಲಿಯೋನ್ ಲೆರ್ಮಿತ್ 1895ರಲ್ಲಿ ಮುಗಿಸಿದ ಆ ಚಿತ್ರ ಸುಮಾರು 4 ಮೀಟರ್ ಎತ್ತರ, 6 ಮೀಟರಿಗಿಂತ ಜಾಸ್ತಿ ಅಗಲ. ಈಗ ಪ್ಯಾರಿಸ್ಸಿನ ಪೆಟಿ ಪಲೇ ಸಂಗ್ರಹಾಲಯದಲ್ಲಿದೆ. ಅದರ ಮುಂದೆ ನಿಂತರೆ ಹೊರೆ ಹೊತ್ತ ಹಮಾಲಿ ನಿಮ್ಮಷ್ಟೇ ಎತ್ತರಕ್ಕೆ ಎದುರು ಬರುತ್ತಾನೆ.

ಅಷ್ಟು ದೊಡ್ಡ ಕ್ಯಾನ್ವಾಸು ಅಲ್ಲಿ ಯಾರಿಗೆ ಸಿಗುತ್ತಿತ್ತು ಗೊತ್ತಾ? ರಾಜರಿಗೆ, ದೇವರಿಗೆ, ಯುದ್ಧಕ್ಕೆ. ಫ್ರಾನ್ಸಿನ ಚಿತ್ರಕಾರ ಕೂರ್ಬೆ ತನ್ನ ಊರು ಓರ್ನಾನ್‌ನ ಒಂದು ಮಾಮೂಲಿ ಶವಸಂಸ್ಕಾರವನ್ನು 6 ಮೀಟರಿಗೂ ಅಗಲವಾಗಿ ಬರೆದು 1850-51ರ ಪ್ರದರ್ಶನದಲ್ಲಿ ಇಟ್ಟಾಗ ಪ್ಯಾರಿಸ್ಸಿನವರು ಸಿಟ್ಟಾದರು, ಹಳ್ಳಿಯವರ ಮುಖಕ್ಕೆ ಇಷ್ಟು ಜಾಗವಾ ಅಂತ. ಲೆರ್ಮಿತ್ ಅದೇ ಜಾಗವನ್ನು ಸೊಪ್ಪು ಮಾರುವ ಹೆಂಗಸರಿಗೆ ಕೊಟ್ಟ. ನನಗೆ ಆ ಚಿತ್ರದಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ.

ಇನ್ನು ಫೋಟೋ. 1895ರಲ್ಲಿ ಫೋಟೋ ಹೊಸದೇನೂ ಅಲ್ಲ. ಆದರೆ ಫೋಟೋ ಒಂದು ಕ್ಷಣ ಹಿಡಿಯುತ್ತದೆ. 6 ಮೀಟರ್ ಕ್ಯಾನ್ವಾಸನ್ನು ಸಂತೆ ಮಧ್ಯೆ ನಿಲ್ಲಿಸಿ ಬರೆಯೋಕಾಗಲ್ಲ, ಯಾರು ಮುಂದೆ, ಯಾರ ಬೆನ್ನು, ಬೆಳಕು ಯಾವ ಬುಟ್ಟಿ ಮೇಲೆ ಅಂತ ಒಂದೊಂದನ್ನೂ ಕೂತು ತೀರ್ಮಾನಿಸಬೇಕು. ತೈಲವರ್ಣ ಅದಕ್ಕೆ ಟೈಮು ಕೊಡುತ್ತದೆ. ಬಣ್ಣ ಕಲಸುವ ಅಗಸೆ ಎಣ್ಣೆ ನೀರಿನ ಹಾಗೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಹಸಿ ಬಣ್ಣದ ಮೇಲೆ ಹಸಿ ಬಣ್ಣ ಬೆರೆಸಬಹುದು, ಒಣಗಿದ ಮೇಲೆ ತೆಳ್ಳಗೆ ಇನ್ನೊಂದು ಪದರ ಎಳೆಯಬಹುದು. ಎಲೆಕೋಸಿನ ಮೇಲಿನ ಒದ್ದೆ ಹೊಳಪು ಬರುವುದು ಹಾಗೆ.

ಚಿತ್ರದಲ್ಲಿರುವ ಆ ಪ್ಯಾರಿಸ್ ಮಾರುಕಟ್ಟೆ, ಲೆ ಆಲ್, ಈಗಿಲ್ಲ. 1969ರಲ್ಲಿ ವ್ಯಾಪಾರ ಊರಾಚೆಯ ರುಂಜಿಸ್‌ಗೆ ಹೋಯಿತು, 1971ರಿಂದ ಅದರ ಕಬ್ಬಿಣದ ಚಪ್ಪರಗಳನ್ನು ಕೆಡವಿದರು.

ದಿನಾ ನೋಡುತ್ತೇನೆ ಅಂದಿರಲ್ಲ, ಆ ಮಾತು ಮಾತ್ರ ನಾನು ಒಪ್ಪುವುದಿಲ್ಲ. ನಾನೂ ಕಟ್ಟಿನಕೆರೆಗೆ ಹೋಗುತ್ತೇನೆ. ಕೊತ್ತಂಬರಿ ಕಟ್ಟು ಎಷ್ಟು ಅಂತ ಕೇಳುತ್ತೇನೆ, ತಗೊಂಡು ಬರುತ್ತೇನೆ. ನಿಮ್ಮ ಪತ್ರ ಓದಿದ ಮೇಲೆ ಯೋಚಿಸಿದೆ, ಎಷ್ಟೋ ವರ್ಷದಿಂದ ಸೊಪ್ಪು ಕೊಡುವ ಆ ಅಜ್ಜಿಯ ಮುಖ ನೆನಪಾಗಲೇ ಇಲ್ಲ. ಕೈ ಮಾತ್ರ ನೆನಪಿದೆ. ಮಾರನೇ ದಿನ ಬೆಳಿಗ್ಗೆ ಚೀಲ ಇಲ್ಲದೆ, ಸುಮ್ನೆ ನೋಡೋಕೆ ಅಂತಲೇ ಹೋಗಿ ಬಂದೆ. ನೀವೂ ಒಂದು ಸಲ ಹಾಗೆ ಹೋಗಿ, ಕಂಡಿದ್ದನ್ನು ಬರೆದು ಕಳಿಸಿ. ಈ ಸಲ ಪೂರ್ತಿ ಪುಟ ಕೊಡುತ್ತೇವೆ.