ಏರೋಜೆಲ್ ಲೇಖನ ಈ ಸಲ ವಾಪಸ್

ನಮಸ್ಕಾರ. ಬೆಟಗೇರಿಯಿಂದ ನೀವು ಕಳಿಸಿದ ‘ಭವಿಷ್ಯದ ಅದ್ಭುತ ವಸ್ತು ಏರೋಜೆಲ್’ ಓದಿದೆ. ಜೆಲ್‌ನೊಳಗಿನ ದ್ರವ ತೆಗೆದು ಆ ಜಾಗದಲ್ಲಿ ಗಾಳಿ ತುಂಬಿದ, ತೀರಾ ಹಗುರ ಘನವಸ್ತುವಿನ ಕತೆ. ಈಗಿರುವ ಹಾಗೆ ಅಚ್ಚು ಹಾಕಲು ಆಗದು. ಆದರೆ ಕೈಬಿಡಬೇಡಿ.

ಮೊದಲ ಪುಟ ಪೂರ್ತಿ ತೆಗೆಯಿರಿ. ಆದಿಮಾನವನ ಬೆಂಕಿಯಿಂದ ಶುರು ಮಾಡಿ 1931ರಲ್ಲಿ ಮೊದಲ ಏರೋಜೆಲ್ ಮಾಡಿದ ಸ್ಯಾಮ್ಯುಯೆಲ್ ಕಿಸ್ಟ್ಲರ್ ಹತ್ತಿರ ಬರುವಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ. ಅಲ್ಲಾದರೂ ನಿಲ್ಲುತ್ತೀರಿ ಅಂದುಕೊಂಡೆ. ‘ಜೆಲ್‌ನಿಂದ ದ್ರವ ತೆಗೆದರು’ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ! ಕತೆ ಇರುವುದೇ ಅಲ್ಲಿ. ಜೆಲ್ಲನ್ನು ಸುಮ್ನೆ ಒಣಗಿಸಿದರೆ ದ್ರವದ ಎಳೆತಕ್ಕೆ ಒಳಗಿನ ಹಂದರ ಕುಗ್ಗಿ ಬಿರುಕು ಬಿಡುತ್ತದೆ. ಕಿಸ್ಟ್ಲರ್ ಒತ್ತಡ, ಬಿಸಿ ಎರಡನ್ನೂ ಏರಿಸಿದರು. ದ್ರವ ಯಾವುದು, ಅನಿಲ ಯಾವುದು ಎಂಬ ಗಡಿಯೇ ಅಳಿಸಿಹೋಗುವ ಹಂತಕ್ಕೆ ತಂದು, ಆಮೇಲೆ ಹೊರಗೆ ಬಿಟ್ಟರು. ಹಂದರ ಹಾಗೇ ಉಳಿಯಿತು.

‘ಗಾಳಿ ತುಂಬಿರುವುದರಿಂದ ಶಾಖ ತಡೆಯುತ್ತದೆ’ ಅಂದಿದ್ದೀರಿ. ಹಾಗಾದರೆ ಬರೀ ಗಾಳಿಯೇ ಸಾಕಲ್ವಾ? ಸಿಲಿಕಾ (ಮರಳಿನಲ್ಲಿರುವ ವಸ್ತು) ಏರೋಜೆಲ್ ನಿಂತ ಗಾಳಿಗಿಂತ ಚೆನ್ನಾಗಿ ಶಾಖ ತಡೆಯುತ್ತದೆ. ಅದರ ರಂಧ್ರಗಳು ಹೆಚ್ಚಾಗಿ 50 ನ್ಯಾನೊಮೀಟರ್‌ಗಿಂತ ಸಣ್ಣವು (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರ್‌ನ ಹತ್ತು ಲಕ್ಷದಲ್ಲೊಂದು ಭಾಗ). ಹೊರಗಿನ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮೊದಲು ಸರಾಸರಿ 70 ನ್ಯಾನೊಮೀಟರ್‌ನಷ್ಟು ಸಾಗುತ್ತದೆ. ಇಲ್ಲಿ ಅಷ್ಟು ಜಾಗವೇ ಇಲ್ಲ. ಅಣು ಹೋಗಿ ಗೋಡೆಗೆ ಬಡಿಯುತ್ತದೆ, ಅಣುವಿಂದ ಅಣುವಿಗೆ ಶಾಖ ದಾಟುವುದು ತೀರಾ ಕಡಿಮೆಯಾಗುತ್ತದೆ.

ದೊಡ್ಡ ತಪ್ಪು ನಾಲ್ಕನೇ ಪುಟದಲ್ಲಿದೆ. ‘ಏರೋಜೆಲ್ ರೇಡಾರ್ ಅಲೆಗಳನ್ನು ಹೀರುತ್ತದೆ.’ ಯಾವ ಏರೋಜೆಲ್? ಸಿಲಿಕಾದ್ದು ಅವುಗಳನ್ನು ಬಹುಪಾಲು ಹಾಗೇ ದಾಟಲು ಬಿಡುತ್ತದೆ. ಹೀರಬೇಕೆಂದರೆ ಗ್ರಾಫೀನ್ (ಇಂಗಾಲದ ಅತಿ ತೆಳು ಹಾಳೆ), ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಥರ ವಿದ್ಯುತ್ ಹರಿಯುವ ವಸ್ತು ಬೇಕು. ಜೊತೆಗೆ ಕೆಲವರು ಕಬ್ಬಿಣ, ನಿಕಲ್ ಕಣಗಳನ್ನು ಸೇರಿಸುತ್ತಾರೆ. ವಿದ್ಯುತ್ ಹರಿಯುವ ಗುಣವೂ ಹದವಾಗಿರಬೇಕು. ಜಾಸ್ತಿಯಾದರೆ ಲೋಹದ ಹಾಗೆ ಅಲೆಯನ್ನು ವಾಪಸ್ ಎಸೆಯುತ್ತದೆ. ತಡೆಯುವುದು ಬೇರೆ, ಹೀರುವುದು ಬೇರೆ. ನೀವು ಎರಡನ್ನೂ ಕಲಸಿದ್ದೀರಿ. ಇಲ್ಲಿ ತೂತುಗಳ ಕೆಲಸವೂ ಬೇರೆ. ಬಹುಪಾಲು ಗಾಳಿಯೇ ಆದ್ದರಿಂದ ಅಲೆ ಮೇಲ್ಮೈಯಲ್ಲೇ ತಿರುಗದೆ ಒಳಗೆ ಇಳಿಯುತ್ತದೆ, ಒಳಗಿನ ಗೋಡೆಗಳ ನಡುವೆ ಸಿಕ್ಕಿ ಶಾಖವಾಗಿ ಕರಗುತ್ತದೆ. ‘ಮೈನಸ್ 10 ಡೆಸಿಬೆಲ್’ ಅಂತ ಬರೆದು ಅಲ್ಲಿಗೇ ಬಿಟ್ಟಿದ್ದೀರಲ್ಲ, ಬಿಡಿಸಿ ಹೇಳಿ: ಹಿಂದೆ ಲೋಹದ ಫಲಕ ಇಟ್ಟು ಅಳೆದಾಗ ಬಂದ ಶಕ್ತಿಯಲ್ಲಿ ಶೇ. 10 ಮಾತ್ರ ವಾಪಸ್ ಹೋಯಿತು, ಉಳಿದದ್ದು ಒಳಗೇ ಮುಗಿಯಿತು ಅಂತ.

ನನಗೆ ಇಷ್ಟವಾದದ್ದು ಕೊನೆಯ ಪುಟದ ನಾಲ್ಕು ಸಾಲು. ಏಪ್ರಿಲ್ ಮಧ್ಯಾಹ್ನ, ಕಾದ ಪತ್ರಾಸಿನ ಕೆಳಗೆ ಮಗ್ಗ, ನೂಲು ಕಡಿಯದಿರಲಿ ಅಂತ ನೀರು ಚಿಮುಕಿಸುವ ನಿಮ್ಮ ಕಾಕಾ. ಅಲ್ಲಿಂದ ಶುರು ಮಾಡ್ರಿ. ಆದರೆ ಬೆಟಗೇರಿಯ ಮನೆಮನೆಗೂ ಬೇಗ ಏರೋಜೆಲ್ ಚಾವಣಿ ಬರುತ್ತದೆ ಅನ್ನುವ ಮಾತು ತೆಗೆಯಿರಿ. ಬೆಲೆ ಜಾಸ್ತಿ, ಬರೀ ಸಿಲಿಕಾದ್ದನ್ನು ಬೆರಳಲ್ಲಿ ಒತ್ತಿದರೆ ಪುಡಿ. ಅದನ್ನು ನಾರಿನ ಹಾಸಿನೊಳಗೆ ಸೇರಿಸಿ ಕಾರ್ಖಾನೆಯ ಬಿಸಿ ಪೈಪುಗಳಿಗೆ ಸುತ್ತುತ್ತಾರೆ. 1997ರಲ್ಲಿ ಮಂಗಳಕ್ಕೆ ಇಳಿದ ನಾಸಾದ ಸೋಜರ್ನರ್ ಬಂಡಿಯ ಒಳಭಾಗ ಬೆಚ್ಚಗಿಡಲೂ ಏರೋಜೆಲ್ಲನ್ನೇ ಬಳಸಿದ್ದರು. ಇವನ್ನು ಬರೆಯಿರಿ.

ಹೂವಿನ ಮೇಲೆ ಏರೋಜೆಲ್ ಇಟ್ಟ ಫೋಟೊ ಬೇಡ, ಎಲ್ಲರೂ ನೋಡಿದ್ದಾರೆ. ಮಗ್ಗದ ಫೋಟೊ ನೀವೇ ತೆಗೆಯಿರಿ. ಅಲೆಗಳ ಭಾಗವನ್ನು ಭೌತಶಾಸ್ತ್ರದ ಮಾಸ್ತರರೊಬ್ಬರಿಗೆ ತೋರಿಸಿ, ಗಣೇಶ ಚೌತಿಯೊಳಗೆ ಕಳಿಸಿದರೆ ದೀಪಾವಳಿ ಸಂಚಿಕೆಗೆ ನೋಡೋಣ.

ಸಂಪಾದಕ, ಧಾರವಾಡ