ಖೆಡ್ಡಾ ಸೂಟ್‌ನ ಗೋಡೆಗೆ ಹುಲಿ ಬೇಡ

ನಿಮ್ಮ ಅತಿಥಿ ಕೋಣೆಯ ಫೋಟೋ ಕಳಿಸಿ, ಅಲಂಕಾರ ಹೇಗಿರಬೇಕು ಅಂತ ಕೇಳಿದ್ದೀರಿ. ಕಬಿನಿ ಹತ್ತಿರದ ಈ ‘ಖೆಡ್ಡಾ ಸೂಟ್’ ನೋಡಿ ಅತಿಥಿಗಳು ‘ನಾಟಕದ ಸೆಟ್ ಥರ ಇದೆ’ ಅನ್ನೋದಕ್ಕೆ ಕಾರಣ ಬಹುಶಃ ಇದು: ಹೆಸರು ಖೆಡ್ಡಾದ್ದು, ಗೋಡೆ ತುಂಬ ಹುಲಿ ಬೇಟೆಯ ಚಿತ್ರ. ಖೆಡ್ಡಾ ಅಂದರೆ ಗುಂಡು ಹೊಡೆಯುವುದಲ್ಲ, ಆನೆ ಹಿಂಡನ್ನು ದೊಡ್ಡಿಗೆ ಅಟ್ಟಿ ಹಿಡಿಯುವುದು.

ಮೊದಲು ಗೋಡೆ ಮೇಲಿನ ಜಿಂಕೆ ಕೊಂಬು ಇಳಿಸಿ. ಅಸಲಿಯೋ ಅಲ್ಲವೋ ಫೋಟೋದಲ್ಲಿ ಗೊತ್ತಾಗ್ತಿಲ್ಲ. ಅಸಲಿಯಾದರೆ, ಮಾಲೀಕತ್ವದ ಪ್ರಮಾಣಪತ್ರ ಇಲ್ಲದೆ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ‘ತಾತನ ಕಾಲದ್ದು’ ಅಂದರೆ ನಡೆಯಲ್ಲ. ವಕೀಲರನ್ನು ಕೇಳಿ, ಅರಣ್ಯ ಇಲಾಖೆಗೆ ತಿಳಿಸಿ.

ಆಮೇಲೆ, ಖೆಡ್ಡಾ ನೋಡಲು ಬಂದ ಗಣ್ಯರ ಬಗ್ಗೆ ಹೇಳೋದಾದರೆ ಒಂದೇ ಭೇಟಿ ಆರಿಸಿಕೊಳ್ಳಿ. 1906ರಲ್ಲಿ ವೇಲ್ಸ್ ರಾಜಕುಮಾರ, ಮುಂದೆ ಐದನೇ ಜಾರ್ಜ್ ಆದವರು, ಕಬಿನಿ ಸೀಮೆಯ ಕಾಕನಕೋಟೆ ಕಾಡಿನ ಖೆಡ್ಡಾ ನೋಡಲು ಬಂದಿದ್ದರು. ಅದೊಂದೇ ಸಾಕು.

ಜಾಸ್ತಿ ಗಮನ ಬೇಕಿರುವುದು ಮಂಚದ ಎದುರಿನ ಗೋಡೆಗೆ. ಅಲ್ಲಿ ಆನೆ ಕಟ್ಟುವಂಥ ಹಗ್ಗ ಇರಲಿ. ಒಂದು ಹೋಂಸ್ಟೇ ಕೋಣೆಯಲ್ಲಿ ನಾನು ಮಣಿಕಟ್ಟಿನಷ್ಟು ದಪ್ಪದ ನಾರಿನ ಹಗ್ಗ ಸುತ್ತಿ ಇಟ್ಟಿದ್ದೆ. ಬಂದವರೆಲ್ಲ ಮೊದಲು ಅದನ್ನೇ ಮುಟ್ಟಿ ನೋಡ್ತಿದ್ದರು. ಪಕ್ಕದಲ್ಲಿ ಮಾವುತರು, ಜೇನುಕುರುಬರ ಬಗ್ಗೆ ನಾಲ್ಕು ಸಾಲು ಬರೆಸಿ. ರಾಜಕುಮಾರ ಬಂದು ನೋಡಿ ಹೋದರು. ಕಾಡಿನಲ್ಲಿ ಆನೆಗಳ ಹಿಂದೆ ನಡೆದವರು ಇವರು ಅಲ್ವಾ? ಸುತ್ತಲಿನ ಹಾಡಿಗಳಲ್ಲಿ (ಆದಿವಾಸಿಗಳ ವಸತಿಗಳಲ್ಲಿ) ಹಿರಿಯರನ್ನು ಕೇಳಿ ಬರೆಸಿ, ಸುಮ್ನೆ ಊಹಿಸಬೇಡಿ.

1971ರಲ್ಲಿ ನಡೆದ ಕೊನೆಯ ಖೆಡ್ಡಾವನ್ನೂ ಬಿಡಬೇಡಿ, ಅದಕ್ಕೊಂದು ಫಲಕ ಬರೆಸಿ. ಕಿಟಕಿ ಕಬಿನಿ ಹಿನ್ನೀರಿನ ಕಡೆ ತೆರೆದರೆ ಆ ಫಲಕ ಅಲ್ಲೇ ಹಾಕಿ, ಪಕ್ಕಕ್ಕೊಂದು ಕುರ್ಚಿ ಇಡಿ.